ಹೆಸರಿಲ್ಲದ ಬಿಳಿ ಗುಳಿಗೆ

"ಬಾಯಾಗ ಹುಣ್ಣಾಗ್ಯಾವ, ಅವ್ವಾ. ಉಣ್ಣಾಕ ಬರವಲ್ದು," ಎಂದು ಬೆಳಗಾವಿಯಿಂದ ಮಗಳು ಅಶ್ವಿನಿ ಫೋನ್ ಮಾಡಿದಾಗ ನಾನು ಖಾನಾಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಉಷ್ಣವಾಗಿರಬೇಕು, ಮಜ್ಜಿಗೆ ಕುಡಿ ಎಂದೆ. ಎಂ.ಎಸ್ಸಿ. ಪರೀಕ್ಷೆ ಹತ್ತಿರ ಬಂದಿತ್ತು. ಈ ಹುಡುಗಿಯರಿಗೆ ಊಟದ ಕಡೆ ಲಕ್ಷ್ಯ ಎಲ್ಲಿರುತ್ತದೆ!

ಮರುದಿನ ಅವಳ ರೂಮಿನ ಗೆಳತಿ ಪಲ್ಲವಿ ಫೋನ್ ಮಾಡಿದಳು. "ಕಾಕೂ, ಲಗೂ ಬರ್ರಿ. ಮೈಯೆಲ್ಲಾ ಗುಳ್ಳಿ ಎದ್ದಾವ್ರಿ. ದವಾಖಾನಿಗೆ ಕರಕೊಂಡ ಬಂದೇವ್ರಿ."

ಐಸಿಯುನಲ್ಲಿ ನನ್ನ ಮಗಳ ಗುರುತೇ ಸಿಗಲಿಲ್ಲ.

ತುಟಿ ಸುಟ್ಟಂತೆ ಕಪ್ಪಾಗಿತ್ತು. ರೆಪ್ಪೆಗಳು ಅಂಟಿಕೊಂಡಿದ್ದವು. ಔಷಧದ ರಿಯಾಕ್ಷನ್ ಎಂದರು ಡಾಕ್ಟರು. ಏನು ತಿಂದಿದ್ದಳು ಎಂದು ಕೇಳಿದರು.

ಪಲ್ಲವಿ ವಡಗಾವಿ ಬಡಾವಣೆಯ ತಮ್ಮ ರೂಮಿಗೆ ಓಡಿ ಒಂದು ಬಿಸ್ಕಿಟ್ ಡಬ್ಬಿ ತಂದಳು. ರೂಮಿನಲ್ಲಿ ಯಾರು ಗುಳಿಗೆ ತಂದರೂ, ಆರಾಮಾದ ಮೇಲೆ ಉಳಿದದ್ದು ಆ ಡಬ್ಬಿಗೆ. ಓದು ಮುಗಿಸಿ ಹೋದವರದೂ ಅದರಲ್ಲೇ ಇತ್ತು. ಜ್ವರ ಬಂದವರು ಕೈ ಹಾಕಿ ತೆಗೆದುಕೊಳ್ಳುವುದೇ ರೂಢಿ. ಜ್ವರಕ್ಕೆಂದು ಅಶ್ವಿನಿ ತಿಂದ ಗುಳಿಗೆಯ ಸ್ಟ್ರಿಪ್ ಅನ್ನು ಯಾರೋ ಯಾವಾಗಲೋ ಕತ್ತರಿಸಿದ್ದರು. ಹೆಸರಿದ್ದ ತುದಿಯೇ ಇರಲಿಲ್ಲ.

"ಬಿಳೀ ಗುಳಿಗಿ ಇತ್ರಿ," ಎಂದಳು ಪಲ್ಲವಿ.

"ಎಲ್ಲಾ ಬಿಳೀನ ಇರ್ತಾವವಾ," ಎಂದರು ಡಾಕ್ಟರು. ಅವರಿಗೆ ಸಿಟ್ಟಿರಲಿಲ್ಲ, ದಣಿದಿದ್ದರು.

"ಕಣ್ಣ ಉಳೀತಾವೇನ್ರಿ ಸಾಹೇಬ್ರ?" ಎಂದೆ.

"ಈಗಽ ಹೇಳಾಕ ಆಗೂದಿಲ್ರಿ."

ಆ ಡಬ್ಬಿಯನ್ನು ಗೋಡೆಗೆ ಒಗೆಯಬೇಕೆನಿಸಿತು. ಓದಿದ ಹುಡುಗಿಯರಂತೆ! ಬದನೆಕಾಯಿ ಕೊಳ್ಳುವಾಗ ತಿರುತಿರುಗಿಸಿ ನೋಡುತ್ತಾರೆ, ಗುಳಿಗೆ ಮಾತ್ರ ನೋಡದೆ ನುಂಗುತ್ತಾರೆ. ಆದರೆ ಪಲ್ಲವಿ ಅದೇ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. ಹೋಗಿ ಪಕ್ಕದಲ್ಲಿ ಕುಳಿತೆ. ಉಪ್ಪಿನಕಾಯಿ ಹಂಚಿಕೊಂಡಂತೆ ಗುಳಿಗೆಯನ್ನೂ ಹಂಚಿಕೊಂಡಿದ್ದರು, ಪ್ರೀತಿಯಿಂದಲೇ.

ದಿನಾ ಬೆಳಿಗ್ಗೆ ನರ್ಸ್ ರೆಪ್ಪೆ ಬಿಡಿಸಿದಾಗ ನಾನು ಎದುರು ನಿಂತು ಕೇಳುತ್ತಿದ್ದೆ: "ನನ್ನ ಸೀರಿ ಯಾವ ಬಣ್ಣ ಐತಿ, ಹೇಳವಾ." ಬರೀ ಬೆಳಕು ಕಾಣುತ್ತದೆ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅಶ್ವಿನಿ ಸೀರೆಯನ್ನೇ ನೋಡಿ ಹೇಳಿದಳು: "ಹಸರು. ಅಂಚು ಹರದೈತಿ."

ಖರೇ ಹರಿದಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ.

ಈಗ ಮನೆಯಲ್ಲಿದ್ದಾಳೆ. ಬಿಸಿಲಿಗೆ ಕಪ್ಪು ಕನ್ನಡಕ ಬೇಕು. ಕೆಡುಕು ಮಾಡಿದ ಔಷಧ ಯಾವುದೆಂದು ಇಂದಿಗೂ ಗೊತ್ತಿಲ್ಲ. ಹಾಗಾಗಿ ಬರೀ ನೆಗಡಿ ಬಂದರೂ ಯಾವ ಗುಳಿಗೆ ಕೊಡಲೂ ನನಗೆ ಹೆದರಿಕೆ.

ಮೊನ್ನೆ ಪಲ್ಲವಿ ಬಂದಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಪಲ್ಲವಿಯ ಕೆನ್ನೆ ತೊಯ್ದಿತ್ತು. ಅಶ್ವಿನಿಯದು ಒಣಗಿತ್ತು, ಅವಳ ಕಣ್ಣಿಗೆ ಈಗ ನೀರು ಬರುವುದಿಲ್ಲ.

"ಅವ್ವಾ, ಕಣ್ಣ ಉರಿಯಾಕತ್ತಾವ."

ಡ್ರಾಪ್ಸ್ ತಂದೆ. ಅಶ್ವಿನಿ ಬಾಟಲಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಕಣ್ಣ ಹತ್ತಿರ ಹಿಡಿದು, ಅದರ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಮುಖ ಮೇಲೆತ್ತಿದಳು.