ಮಂಗ ಓಡಿಸುವ ಹಿಂದಿ

ಮಧ್ಯಾಹ್ನ ನಾಲ್ಕಾದರೆ ಈಗಲೂ ನನ್ನ ಕಿವಿ ಬಾಗಿಲ ಕಡೆ ತಿರುಗುತ್ತದೆ.

ಎಪ್ಪತ್ತರ ದಶಕದಲ್ಲಿ, ಕಾಶಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಊರಿಗೆ ಮರಳದೆ, ಅಲ್ಲಿನ ಭೇಲೂಪುರ ಬಡಾವಣೆಯ ಹಿಂದಿನ ಗಲ್ಲಿಯೊಂದರ ಐಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಎದುರು ಮನೆಯ ಮಹಡಿಯ ಮೇಲೆ ಗದಗಿನ ಕಡೆಯ ಒಬ್ಬ ಅಜ್ಜಿ ಇದ್ದಳು. ಗಂಡ ತೀರಿದ ಮೇಲೆ ಇಲ್ಲೇ ಕಣ್ಣು ಮುಚ್ಚಬೇಕೆಂದು ಬಂದು ಎಂಟು ವರ್ಷವಾಗಿತ್ತು. "ಯಮಗ ನನ್ನ ಅಡ್ರೆಸ್ ಸಿಗವಲ್ದು ತಮ್ಮಾ" ಎನ್ನುತ್ತಿದ್ದಳು.

ದಿನಾ ನಾಲ್ಕಕ್ಕೆ ತಂಬಿಗೆ ಹಿಡಿದು ಚೂರು ಐಸಿಗೆ ಗೇಟಿಗೆ ಬರುವಳು. ಕಾರ್ಖಾನೆಯ ನೀರೆಂದು ಬಾಯಿಗೆ ಹಾಕುತ್ತಿರಲಿಲ್ಲ, ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಹತ್ತು ನಿಮಿಷ ನಿಂತು ಮಾತಾಡುತ್ತಿದ್ದಳು. ಇಡೀ ದಿನದಲ್ಲಿ ನಾನು ಕನ್ನಡ ಕೇಳುತ್ತಿದ್ದುದು ಆಗ ಮಾತ್ರ. ಅವಳ ಹಿಂದಿ ಎಂದರೆ ನಾಲ್ಕು ತರಕಾರಿಯ ಹೆಸರು, ಒಂದೆರಡು ಮುರುಕು ಮಾತು, ಮತ್ತೆ ಸಂಡಿಗೆಗೆ ಬರುವ ಮಂಗಗಳನ್ನು ಓಡಿಸಲು "ಭಾಗ್, ಭಾಗ್", ಓಡು ಓಡು.

ಕಾರ್ಖಾನೆಯ ಗೇಟಿನ ಒಳಬದಿಗೆ ಒಂದು ನಿಯಮ ಅಂಟಿಸಿದ್ದರು. ಇಲ್ಲಿನ ಯಾವ ವಿಷಯವನ್ನೂ ಹೊರಗಿನವರಿಗೆ ಹೇಳಕೂಡದು. ಕೇಳಿದರೆ 'ಸಬ್ ಠೀಕ್ ಹೈ', ಎಲ್ಲ ಸರಿಯಿದೆ, ಎನ್ನಬೇಕು. ತಪ್ಪಿದವರಿಗೆ ಕೆಲಸವಿಲ್ಲ. ನಾನೂ ಸಹಿ ಹಾಕಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ನೀರನ್ನು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಅನಿಲದ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತು. ಇಬ್ಬರು ಕೆಲಸಗಾರರು ಕೆಮ್ಮುತ್ತ, ಕಣ್ಣು ಬಿಡಲಾರದೆ ಹೊರಗೆ ಬಂದರು. ಉಳಿದವರು ವಾಲ್ವ್ ಮುಚ್ಚಲು ಹೆಣಗುತ್ತಿದ್ದರು. ಸುದ್ದಿ ಹೊರಬಿದ್ದರೆ ಲೈಸೆನ್ಸ್ ಹೋಗುತ್ತದೆಂದು ಮ್ಯಾನೇಜರ್ ಗೇಟು ಹಾಕಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅಷ್ಟರಲ್ಲಿ ತಂಬಿಗೆ ಹಿಡಿದು ಅಜ್ಜಿ ಬಂದಳು. ಇದೇನು ಘಾಟು ಎಂದು ಕೇಳಿದಳು. ಮ್ಯಾನೇಜರ್ ನನ್ನ ಹೆಗಲ ಮೇಲೆ ಕೈಯಿಟ್ಟು, ಸಬ್ ಠೀಕ್ ಹೈ ಅಂತ ನಿಮ್ಮ ಭಾಷೆಯಲ್ಲೇ ಹೇಳು ಎಂದರು.

ನಾನು ನಗುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದೆ: "ಅಜ್ಜಿ, ಹೆದರಿಕಿ ತೋರಿಸಬ್ಯಾಡ್ರಿ. ಉಸಿರು ಕಟ್ಟಿಸೂ ಗಾಳಿ ಬಿಟ್ಟದ. ಸೆರಗ ತೋಯಿಸಿ ಮೂಗಿಗೆ ಹಿಡ್ಕೊಂಡು, ಓಣಿ ಮಂದೀನೆಲ್ಲಾ ದೊಡ್ಡ ಹಾದಿಗೆ ಕರಕೊಂಡು ಹೋಗ್ರಿ. ಹೊಳಿ ಕಡೆ ಬ್ಯಾಡ, ಗಾಳಿ ಅತ್ತಾಗೇ ಹೊಂಟದ."

"ಹೌದೇನು? ಛಲೋ ಆತು ಬಿಡು" ಎಂದು ತಲೆಯಾಡಿಸಿ, ನಿಧಾನವಾಗಿ ಮೆಟ್ಟಿಲೇರಿ ಹೋದಳು.

ಆಮೇಲಿನ ಒಂದು ನಿಮಿಷ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವಳಿಗೆ ತಿಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ. ಎದುರಿನ ಪಾನ್ ಅಂಗಡಿಯವನು ನನ್ನನ್ನು ನೋಡಿ ಕೈಯೆತ್ತಿದ. ನಾನೂ ಕೈಯೆತ್ತಿದೆ. ನನಗೆ ಒಳ್ಳೆಯ ಹಿಂದಿ ಬರುತ್ತಿತ್ತು. ಹೆಗಲ ಮೇಲೆ ಆ ಕೈ ಇತ್ತು. ಓಡು ಎಂದು ಅವನಿಗೆ ಕೂಗಲಿಲ್ಲ.

ಆಗ ಮಹಡಿಯ ಮೇಲಿನಿಂದ ತಗಡು ಬಡಿಯುವ ಸದ್ದು, "ಭಾಗ್! ಭಾಗ್!" ಗಲ್ಲಿಯವರು ನಗುತ್ತ ಮಂಗ ಎಲ್ಲಿ ಎಂದು ತಲೆಯೆತ್ತಿದರು. ಅಜ್ಜಿ ಒದ್ದೆ ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಕೆಳಗಿಳಿದು, ಮನೆಮನೆಯ ಬಾಗಿಲು ಬಡಿದಳು. ಪಾನ್ ಅಂಗಡಿಯವನ ಬೆನ್ನಿಗೆ ಕೋಲಿನಿಂದ ಒಂದು ಕೊಟ್ಟಳು. ಅವಳ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ, ಅವಳು ಕೋಲು ತೋರಿದ ದೊಡ್ಡ ರಸ್ತೆಯ ಕಡೆ ಓಡಿದರು. ಜಾಯಿಂಟ್ ಪೂರ್ತಿ ಕಿತ್ತು ಗೇಟಿನ ಸಂದಿನಿಂದ ಬಿಳಿ ಹೊಗೆ ನುಗ್ಗಿ, ನಾವೂ ಓಡುವ ಹೊತ್ತಿಗೆ ಗಲ್ಲಿ ಖಾಲಿಯಾಗಿತ್ತು. ಯಾರೂ ಸಾಯಲಿಲ್ಲ.

ಮರುದಿನ ಮ್ಯಾನೇಜರ್ ಅಜ್ಜಿಯನ್ನು ಕರೆಸಿದರು. ಹಿಂದಿನ ದಿನ ನಾನು ಹೇಳಿದ್ದೇನು ಎಂದು, ನನ್ನನ್ನೇ ದುಭಾಷಿ ಮಾಡಿಕೊಂಡು ಅವಳನ್ನು ಕೇಳಹೊರಟರು. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು, "ಸಬ್ ಠೀಕ್ ಹೈ ಬೋಲಾ. ಮೈ ಬಂದರ್ ಭಗಾಯಾ."

ಎಲ್ಲ ಸರಿಯಿದೆ ಎಂದ, ನಾನು ಮಂಗ ಓಡಿಸಿದೆ. ಮ್ಯಾನೇಜರ್ ಹೋಗಿ ಎಂದು ಕೈಬೀಸಿದರು. ಹೊರಡುವಾಗ ಅಜ್ಜಿ ನನ್ನ ಕಡೆ ತಿರುಗದೆ, ತನ್ನಷ್ಟಕ್ಕೆ ಗೊಣಗುವಂತೆ ಹೇಳಿದಳು: "ಇನ್ನ ಗೇಟಿಗೆ ಬರೂದಿಲ್ಲ ತಮ್ಮಾ. ನಾವು ಮಾತಾಡೂದು ಇವ್ರ ಕಣ್ಣಿಗೆ ಬೀಳೂದು ಬ್ಯಾಡ. ನಿನ್ನ ನೌಕರಿ ಉಳೀಲಿ."

ಬರಲೇ ಇಲ್ಲ. ನಾಲ್ಕಕ್ಕೆ ಐಸ್ ಒಡೆದು ಗೇಟಿನ ಕಟ್ಟೆಯ ಮೇಲೆ ಇಡುತ್ತಿದ್ದೆ, ಕರಗಿ ಹೋಗುತ್ತಿತ್ತು. ಸ್ನಾನಕ್ಕೆ ಹೋಗುತ್ತ ಎದುರಾದರೆ ನೆಲ ನೋಡುತ್ತಲೇ "ಸಬ್ ಠೀಕ್ ಹೈ?" ಎನ್ನುವಳು. ನಾನು "ಸಬ್ ಠೀಕ್ ಹೈ" ಎನ್ನುವೆ. ನಾನು ಒಮ್ಮೆ ಮುರಿದ ನಿಯಮವನ್ನು ಅವಳು ಕೊನೆಯವರೆಗೂ ಪಾಲಿಸಿದಳು.

ಆ ನೌಕರಿಯಲ್ಲಿ ಇನ್ನೆರಡು ವರ್ಷ ಇದ್ದೆ. ಹತ್ತು ನಿಮಿಷದ ಕನ್ನಡಕ್ಕಾಗಿ ಅದನ್ನು ಅಂದೇ ಬಿಡಬಹುದಿತ್ತು.