ಬೊಂಬಾಯಿ ಬಂದರಿನಲ್ಲಿ ಬೆರಳು ಹಿಡಿದದ್ದು

ಇದು ಕಟ್ಟಿದ ಕಥೆಯಲ್ಲ. ದೆವ್ವ ಗಿವ್ವ ಎಂದವರನ್ನು ಕಂಡರೆ ನಗುವ ಮೇಷ್ಟರು ಎಂದೇ ನಂಜನಗೂಡಿನವರು ನನ್ನನ್ನು ಬಲ್ಲರು. ಈಗ ನಗುವುದಿಲ್ಲ. ದೀಪ ಮುಟ್ಟಿ ಹೇಳುತ್ತೇನೆ, ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಆ ವರ್ಷ ನನ್ನ ಹೆಂಡತಿ ಗೌರಿ ಏಳು ತಿಂಗಳ ಬಸುರಿ. ಚೊಚ್ಚಲು. ನರಸೀಪುರದ ತವರಿಗೆ ಹೋಗಿದ್ದಳು. ಶಾಲೆಗೆ ರಜೆ, ಮನೆಯೆಲ್ಲ ಭಣಭಣ. ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಬಾಲ್ಯದ ಗೆಳೆಯ ಶಾಮಣ್ಣ, ಒಮ್ಮೆ ಬಂದು ಬಂದರು ನೋಡು ಎಂದು ಪ್ರಾಣ ತಿನ್ನುತ್ತಿದ್ದ. ಹೊರಟೆ.

ರೈಲು ಹತ್ತುವಾಗ ಅಮ್ಮ ಕೈ ಹಿಡಿದುಕೊಂಡಳು.

"ಬಸುರಿ ಗಂಡ ನೀನು. ಸಮುದ್ರಾನ ದೂರದಿಂದ ನೋಡು. ಮುಟ್ಟಬೇಡ, ದೋಣಿ ಹತ್ತಬೇಡ. ಆಣೆ ಮಾಡು."

ದೇವಸ್ಥಾನದ ಮನೆತನ ನಮ್ಮದು. ಹೆಂಡತಿ ಬಸುರಾದರೆ ಗಂಡ ಕ್ಷೌರ ಮಾಡಿಸುವುದಿಲ್ಲ, ಸಮುದ್ರ ಮುಟ್ಟುವುದಿಲ್ಲ. ಮುಟ್ಟಿದರೆ ಮಗುವಿಗೆ ಕೇಡಂತೆ. ಒಳಗೊಳಗೇ ನಗುತ್ತ ಆಣೆ ಮಾಡಿದೆ.

ಬೊಂಬಾಯಿಯ ಬಂದರು ಕಂಡು ಬೆರಗಾದೆ. ಮನುಷ್ಯ ಕಟ್ಟಿದ್ದಲ್ಲ, ನೆಲವೇ ತೋಳು ಚಾಚಿ ನೀರನ್ನು ಬಳಸಿಕೊಂಡಿದೆ. ಹೊಗೆಯುಗುಳುವ ಹಡಗುಗಳು, ಹಾಯಿದೋಣಿಗಳು, ಒಣಮೀನಿನ ನಾತ. ನೀರಿನಾಚೆ ಘಾರಾಪುರಿ ದ್ವೀಪ, ಅಲ್ಲಿನ ಗುಹೆಯಲ್ಲಿ ಶಿವ.

"ದೋಣೀಲಿ ಹೋಗಿಬರೋಣ ಬಾ," ಎಂದ ಶಾಮಣ್ಣ.

"ಆಣೆ ಮಾಡಿದೀನಿ ಕಣೋ."

"ಇದು ಸಮುದ್ರವೇನೋ? ಸುತ್ತ ನೆಲ ಇದೆ, ಅಲೆ ಇಲ್ಲ, ಒಂದು ದೊಡ್ಡ ಕೆರೆ ಅಂದ್ಕೋ. ಅದೂ ಶಿವನ್ನ ನೋಡೋಕೆ ತಾನೆ? ಗಡ್ಡ ಬೆಳೆದಷ್ಟು ಬುದ್ಧಿ ಬೆಳೀಲಿಲ್ವಲ್ಲೋ ನಿಂಗೆ!"

ನನಗೂ ಅಂಥದೊಂದು ನೆಪವೇ ಬೇಕಿತ್ತು. ಹತ್ತಿದೆ.

ಶಿವನ ದರ್ಶನವೇನೋ ಆಯಿತು. ಹಿಂದಿರುಗುವಾಗ ಕತ್ತಲಾಯಿತು, ನಡುನೀರಿನಲ್ಲಿ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿದ್ದಿತ್ತು. ದೂರದ ಹಡಗುಗಳಲ್ಲಿ ಒಂದೊಂದೇ ದೀಪ... ಶಾಮಣ್ಣ ತೂಕಡಿಸುತ್ತಿದ್ದ.

ಆಗ ಒಂದು ವಾಸನೆ ಬಂತು. ಒಣಮೀನಿನದಲ್ಲ. ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ... ಬಾಣಂತಿ ಕೋಣೆಯ ಹೊಗೆ!

ಮೈ ಜುಮ್ಮೆಂದಿತು. ನಮ್ಮೂರ ಹೊಳೆ ಕಪಿಲೆಯನ್ನು ದಾಟುವಾಗೆಲ್ಲ ನಾವು ದೇವರ ಹೆಸರು ಹೇಳಿ ಕೈಯದ್ದಿ ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇವೆ. ಆ ಹೆದರಿಕೆಯಲ್ಲಿ ನನ್ನ ಬಲಗೈ ರೂಢಿಯಂತೆ ತಾನಾಗಿ ನೀರಿಗೆ ಇಳಿಯಿತು.

ಯಾರೋ ನನ್ನ ತೋರುಬೆರಳನ್ನು ಹಿಡಿದುಕೊಂಡರು.

ಮೀನಲ್ಲ, ಪಾಚಿಯಲ್ಲ. ಐದು ಪುಟ್ಟ ಬೆರಳು. ಬೆಚ್ಚಗಿದ್ದವು. ಹಸುಗೂಸು ಹಿಡಿಯುವಂತೆಯೇ ಹಿಡಿತ... ಬಿಗಿಯಾಗುತ್ತಿತ್ತು.

ಕಿರುಚಿ ಕೈ ಕಿತ್ತುಕೊಂಡೆ. ದೋಣಿಯ ಹಿಂದೆ, ಕತ್ತಲಲ್ಲಿ, ತೆಳ್ಳಗೆ ಒಂದು ಅಳು ಕೇಳಿತು. ಹಾಗೇ ದೂರವಾಯಿತು.

"ಏನಾಯ್ತೋ?" ಶಾಮಣ್ಣ ಬೆಚ್ಚಿ ಎದ್ದ.

"ಮಗು... ಅಳು ಕೇಳಿಸ್ಲಿಲ್ವಾ?"

"ಹಕ್ಕಿ ಕಣೋ. ಸುಮ್ನಿರು."

ಹೊರಟೆನೆಂದು ಮಾವನಿಗೆ ತಂತಿ ಕೊಟ್ಟು ಮರುದಿನವೇ ರೈಲು ಹತ್ತಿದೆ. ನಂಜನಗೂಡಿನ ಸ್ಟೇಷನ್ನಿನಲ್ಲಿ ಮಾವನ ಮನೆಯ ಗಾಡಿ ಹೊಡೆಯುವ ಕಾಳ ಕಾಯುತ್ತಿದ್ದ.

"ಗಂಡ್ಮಗ ಉಟ್ಟವ್ನೆ ಸೋಮಿ. ತಿಂಗ್ಳು ತುಂಬ್ನಿಲ್ಲ... ಬಿರ್ನೆ ಓಗುಮ ಬನ್ನಿ."

"ಯಾವತ್ತು?"

"ಸುಕ್ರಾರ, ದೀಪ ಅಚ್ಚೋ ಒತ್ನಲ್ಲಿ."

ಅದೇ ಶುಕ್ರವಾರ. ನಾನು ದೋಣಿಯಲ್ಲಿದ್ದ ಹೊತ್ತು. ಸುತ್ತೂರು ದಾಟುವವರೆಗೂ ಆ ತೋರುಬೆರಳನ್ನು ಎಡಮುಷ್ಟಿಯಲ್ಲಿ ಅದುಮಿಕೊಂಡೇ ಗಾಡಿಯಲ್ಲಿ ಕೂತಿದ್ದೆ.

ಪುರುಡಿನ ಮನೆ, ಹೆರಿಗೆಯ ಮೈಲಿಗೆ; ಬಾಗಿಲಲ್ಲೇ ನಿಂತೆ. ಅದೇ ಓಮದ ಹೊಗೆ. ಅತ್ತೆ ಪಿಸುದನಿಯಲ್ಲಿ ಹೇಳಿದರು: "ಹುಟ್ಟಿದಾಗ ಅಳಲೇ ಇಲ್ಲ. ಮೈಯೆಲ್ಲ ತಣ್ಣಗೆ ಕೊರೀತಿತ್ತು. ಮುತ್ತಿಟ್ಟೆ ನೋಡಿ... ಬಾಯೆಲ್ಲ ಉಪ್ಪು."

ಒಳಗಿನಿಂದ ಗೌರಿ ಬಿಕ್ಕಿದಳು. "ನಂದೇ ತಪ್ಪು. ಎಲ್ಲರೂ ಬೇಡ ಅಂದ್ರೂ ಬಾವಿಯಿಂದ ನೀರು ಸೇದಿಬಿಟ್ಟೆ. ಅದಕ್ಕೇ ಹೀಗಾಯ್ತು."

ಅಲ್ಲ, ತಪ್ಪು ನನ್ನದು ಎಂದು ಹೇಳಬಹುದಿತ್ತು. ನಾನು ಏನು ಹೇಳಿದೆ ಗೊತ್ತೆ? "ಹೋಗಲಿ ಬಿಡು, ಮಗು ಉಳೀತಲ್ಲ," ಎಂದೆ. ನಾನೇ ಅವಳನ್ನು ಕ್ಷಮಿಸಿದೆ!

ಮಗು ಉಳಿಯಿತು, ಬೆಳೆಯಿತು. ಯಾರು ಬೆರಳು ಕೊಟ್ಟರೂ ಗಟ್ಟಿಯಾಗಿ ಹಿಡಿಯುತ್ತಿತ್ತು. ನಾನು ಕೊಟ್ಟರೆ ಮಾತ್ರ ಮುಷ್ಟಿ ಬಿಚ್ಚಿ ಕೈ ಹಿಂದಕ್ಕೆಳೆದುಕೊಳ್ಳುತ್ತಿತ್ತು. ಗೌರಿ ಅದನ್ನು ನೋಡಿ ನಗುತ್ತಿದ್ದಳು. ಈಗಲೂ ಆಗಾಗ ನೆರೆಹೊರೆಯವರ ಹತ್ತಿರ, "ನಾನು ನೀರು ಸೇದಿ ಮಗೂನ ಸಾಯಿಸಿಬಿಡ್ತಿದ್ದೆ," ಅನ್ನುತ್ತಾಳೆ. ನಾನು ಕೇಳಿಸದವನಂತೆ ಎದ್ದುಹೋಗುತ್ತೇನೆ.

ಬೊಂಬಾಯಿಯ ಆ ರಾತ್ರಿಯನ್ನು ನಾನು ಯಾರಿಗೂ ಹೇಳಿಲ್ಲ. ಅಮ್ಮನಿಗೂ ಇಲ್ಲ.

ಕಳೆದ ಸಂಕ್ರಾಂತಿಯ ದಿನ ಬೆಳಕು ಹರಿಯುವ ಮುಂಚೆ ಮೂವರೂ ಕಪಿಲೆಗೆ ಸ್ನಾನಕ್ಕೆ ಹೋದೆವು. ಮಗನಿಗೆ ಈಗ ಮಾತು ಚೆನ್ನಾಗಿ ಬರುತ್ತದೆ. ಅವನ ರಟ್ಟೆ ಹಿಡಿದು ಸೊಂಟದುದ್ದ ನೀರಿಗಿಳಿಸಿದೆ. ಅವನು ಅಳಲಿಲ್ಲ, ನಡುಗಲಿಲ್ಲ. ಮೊದಲ ಸಲ ನನ್ನ ತೋರುಬೆರಳನ್ನು ತಾನೇ ಹುಡುಕಿ ಹಿಡಿದುಕೊಂಡ. ಅದೇ ಹಿಡಿತ... ಮುಖವೆತ್ತಿ ಮೆಲ್ಲಗೆ ಕೇಳಿದ:

"ಅಪ್ಪ, ಇಲ್ಲೂ ಬಿಟ್ಟುಬಿಡ್ತೀಯಾ?"

ಮೆಟ್ಟಿಲ ಮೇಲಿಂದ ಗೌರಿ ಕೂಗಿದಳು, "ಏನಂತೆ ಅವನಿಗೆ?"

"ಏನಿಲ್ಲ," ಎಂದೆ. "ನೀರು ತಣ್ಣಗಿದೆಯಂತೆ."