ಹಾಲು ಹಾಕೋ ಹೊತ್ತಿಗೆ ಸಿನಿಮಾ

ನನ್ನ ಮೊಮ್ಮಗಳು ಒಬ್ಬಳೇ ಕ್ಯಾಮೆರಾ ಹೊತ್ತು ತಿರುಗಿ ಸಿನಿಮಾ ತೆಗೆದಿದ್ದಾಳೆ ಕಣ್ರೀ! ಮೊದಲು ನಮ್ಮ ಸುಗಟೂರಿಗೇ ತೋರಿಸ್ತೀನಿ ಅಂತ ಬಂದು, ಸಂಜೆ ಅರಳಿಕಟ್ಟೆ ಹತ್ರ ಪರದೆಗೆ ಅಂತ ಬಿಳಿ ಪಂಚೆ ಕಟ್ಟಿದಳು. ಅದು ಊರೆಲ್ಲ ಡೈರಿಗೆ ಹಾಲು ಹಾಕೋ ಹೊತ್ತು ಅನ್ನೋದು ಆ ಖುಷೀಲಿ ಇಬ್ಬರಿಗೂ ಹೊಳೀಲಿಲ್ಲ. ಕ್ಯಾನು ಹಿಡಿದವರು "ಆಮೇಲೆ ಬರ್ತೀವಮ್ಮ" ಅಂತ ಹೋದರು. ಯಾರೂ ಬರಲಿಲ್ಲ.

"ಅಜ್ಜಿ, ನಿನ್ನೊಬ್ಬಳಿಗೇ ಹಾಕ್ಲಾ?"

"ಹಾಕೇ, ನಾನೇನು ಜನ ಅಲ್ವಾ?"

ಪಂಚೆ ಮೇಲೆ ಖಾಲಿ ಬಸ್ ಸ್ಟ್ಯಾಂಡು, ಖಾಲಿ ಟೊಮೆಟೊ ಮಂಡಿ, ಮುಳಬಾಗಿಲು ರಸ್ತೆ ಬಂದವು. ಎಲ್ಲೂ ಒಂದು ನರಪಿಳ್ಳೆ ಇಲ್ಲ. ಅಲ್ಲೆಲ್ಲ ಇವಳೊಬ್ಬಳೇ ಕ್ಯಾಮೆರಾ ಹಿಡಿದು ನಿಂತಿದ್ದಳಲ್ಲಾ, ಪಾಪ! ಆದರೂ ಎಂಥಾ ಚೆಂದ! ಮುಗಿದಾಗ ಅವಳು ನನ್ನ ಮುಖವನ್ನೇ ನೋಡ್ತಿದ್ದಳು.

"ಇನ್ನೊಂದು ಸಲ ಹಾಕೇ," ಅಂದೆ. "ಈ ಸಲ ನೀನೂ ಬಂದು ಪಕ್ಕದಲ್ಲಿ ಕೂತ್ಕೋ."